ಟೇಪು ಹಚ್ಚಿದ ಪುಣ್ಯಾತ್ಮರಿಗೊಂದು ಬಹಿರಂಗ ಪತ್ರ

ಪೂಜ್ಯರೇ,

ಉಭಯ ಕುಶಲೋಪರಿ. ಪುಸ್ತಕದ ಕುಶಲ ಮಾತ್ರ ಕೇಳಬೇಡಿ.

ನಾನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿ. ಅಪರೂಪದ ಪುಸ್ತಕಗಳ ಆರೈಕೆ ಕಲಿಯಲು ಬಂದವಳ ಕೈಗೆ ಸಿಕ್ಕಿದ್ದು ಕಿಟೆಲ್ ನಿಘಂಟಿನ ಮೊದಲ ಮುದ್ರಣ, 1894ರದ್ದು, ಮಂಗಳೂರಿನ ಬಾಸೆಲ್ ಮಿಷನ್ ಹೊರತಂದದ್ದು. ಸುಮಾರು 70,000 ಪದಗಳನ್ನು ಕಿಟೆಲ್ ಪಾದ್ರಿ ವರ್ಷಗಟ್ಟಲೆ ಕೂತು ಕೂಡಿಸಿದರು. ಅದರ ಹರಿದ ಹಾಳೆಯೊಂದನ್ನು ತಾವು ಅರ್ಧ ನಿಮಿಷದಲ್ಲಿ ಕೂಡಿಸಿದ್ದೀರಿ. ವೇಗದಲ್ಲಿ ತಮ್ಮದೇ ಮೇಲುಗೈ.

ಟೇಪಿನ ಒಂದು ತುದಿ ಈರುಳ್ಳಿ ಸಿಪ್ಪೆಯ ಹಾಗೆ ಒಣಗಿ ತಾನಾಗಿಯೇ ಉದುರಿತ್ತು. ಅಂಟು ಮಾತ್ರ ಕಾಗದದೊಳಕ್ಕೆ ಇಳಿದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ತುದಿ ಬಿಡಲೊಲ್ಲದು. ತೆಳು ಅಲಗನ್ನು ಬೆಚ್ಚಗೆ ಮಾಡಿ ಅಡಿಗೆ ತೂರಿಸಿ, ಕೂದಲೆಳೆಯಷ್ಟಷ್ಟೇ ಎಬ್ಬಿಸುತ್ತಾ ಹೋದೆ. ಎರಡು ಬೆರಳಗಲ ಬಿಡಿಸುವಷ್ಟರಲ್ಲಿ ಮಧ್ಯಾಹ್ನ ಮುಗಿದಿತ್ತು. ಕೊನೆಗೆ ಟೇಪಿನ ಬೆನ್ನಿಗಂಟಿಕೊಂಡು ಒಂದು ಕೊಂಬು ಎದ್ದು ಬಂತು. ‘ಪುಡಿ’ ಹೋಗಿ ‘ಪಡಿ’ ಆಯಿತು. ಗಾಬರಿಯಾಗಬೇಡಿ, ‘ಪಡಿ’ಯೂ ಕನ್ನಡದ ಪದವೇ.

ನಮ್ಮ ಮೇಡಂ ಕಲಿಸುವ ದಾರಿ ಬಲು ನಿಧಾನದ್ದು. ಗೋಧಿಯ ಪಿಷ್ಟವನ್ನು ಗಂಜಿಯಂತೆ ಕಾಯಿಸಬೇಕು. ಜಪಾನಿ ಟಿಶ್ಯೂ ಕಾಗದವನ್ನು ಕತ್ತರಿಸದೆ ಹರಿಯಬೇಕು. ಹರಿದ ಅಂಚಿನ ನಾರುಗಳೇ ಹಾಳೆಯನ್ನು ಹಿಡಿದುಕೊಳ್ಳುತ್ತವೆ. ನಾಳೆ ಯಾರಿಗಾದರೂ ಇದು ಸರಿಯಿಲ್ಲ ಅನ್ನಿಸಿದರೆ ಒದ್ದೆ ಮಾಡಿ ಬಿಡಿಸುವಂತಿರಬೇಕಂತೆ. ತಮಗೆ ಅಂಥ ಅಳುಕೇ ಇಲ್ಲ.

ಗೆದ್ದಲು, ಬೆಳ್ಳಿಹುಳ ಇವೆಲ್ಲ ಹೊಟ್ಟೆಪಾಡಿಗಾಗಿ ಪುಸ್ತಕ ತಿನ್ನುತ್ತವೆ. ತಮ್ಮದು ನಿಸ್ವಾರ್ಥ ಸೇವೆ.

ಅಂದಹಾಗೆ, ಪಾರದರ್ಶಕ ಟೇಪು ಮಾರುಕಟ್ಟೆಗೆ ಬಂದದ್ದು 1930ರಲ್ಲಿ. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು 1905ರಲ್ಲಿ. ಕೌಟಿಲ್ಯನ ಪುಣ್ಯ, ತಾವು ತಡವಾಗಿ ಬಂದಿರಿ.

ಕಳೆದ ವಾರ ಊರಿಗೆ ಹೋಗಿದ್ದೆ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮಡಿಕೆಯಲ್ಲಿ ಬಿಟ್ಟಿತ್ತಂತೆ. ಅಪ್ಪ ಅದಕ್ಕೆ ಉದ್ದಕ್ಕೂ ಟೇಪು ಹಚ್ಚಿ, ಮೇಲೆ ಲ್ಯಾಮಿನೇಷನ್ ಬೇರೆ ಮಾಡಿಸಿ, ‘ನೋಡು, ಇನ್ನು ನೂರು ವರ್ಷ ಏನೂ ಆಗಲ್ಲ’ ಎಂದು ಹೆಮ್ಮೆಯಿಂದ ಕೈಗಿತ್ತರು. ‘ಚೆನ್ನಾಗಿದೆ ಅಪ್ಪಾ’ ಅಂದೆ.

ತಮಗೇನಾದರೂ ಅವರ ಪರಿಚಯವಿದೆಯೇ?

ಇತಿ ತಮ್ಮ ವಿಧೇಯಳು,
ಅಲಗು ಹಿಡಿದು ಕೂತವಳು