ಮೈಸೂರಲ್ಲೇ ಸಿಗದ ಮೈಸೂರು

(ಸರಸ್ವತಿಪುರಂನ ಒಂದು ಹಳೇ ಮನೆ. ಭಾನುವಾರ ಬೆಳಿಗ್ಗೆ. ಕಾಲೇಜು ಲೈಬ್ರರಿಯಿಂದ ನಿವೃತ್ತರಾದ ಮಾವನಿಗೆ ಸ್ವಂತ ಪುಸ್ತಕಗಳದ್ದೊಂದು ಉದ್ದನೆ ಪಟ್ಟಿ ಇದೆ. ಅದರಲ್ಲಿ ಹುಡುಕುವುದಕ್ಕೆ ಸೋದರಳಿಯ ಗುರು ಪ್ರೋಗ್ರಾಂ ಬರೆದುಕೊಟ್ಟಿದ್ದಾನೆ. ಗುರುವಿಗೆ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ. ಅತ್ತೆ ಅಡಿಗೆಮನೆಯಲ್ಲಿದ್ದಾರೆ, ಆದರೆ ಕಿವಿ ನಡುಮನೆಯಲ್ಲಿದೆ.)

ಮಾವ: ನಿನ್ನೆವರೆಗೂ ನಿಧಾನವಾಗಿ ಸಿಗ್ತಿತ್ತು. ಇವತ್ತು ಬೇಗ ಇಲ್ಲ ಅನ್ನುತ್ತೆ. ಇದನ್ನೇನೋ ನೀನು ಸುಧಾರಣೆ ಅಂದಿದ್ದು?

ಗುರು: ಏನು ಹುಡುಕಿದ್ರಿ ಮಾವ?

ಮಾವ: ಮೈಸೂರು. ಮೈಸೂರಲ್ಲಿ ಅಚ್ಚಾದ ಪುಸ್ತಕ ಎಷ್ಟಿವೆ ನೋಡೋಣ ಅಂತ. ಡಿ.ವಿ.ಕೆ. ಮೂರ್ತಿ ಅವರದು, ಗೀತಾ ಬುಕ್ ಹೌಸಿನದು, ಕಾವ್ಯಾಲಯದ್ದು, ಪ್ರಸಾರಾಂಗದ್ದು, ಬೀರು ತುಂಬಾ ಅದೇ ಇದೆ. ನಿನ್ನ ಯಂತ್ರ ಈಚೆಗೆ ಕೊಂಡಿದ್ದು ಆರೇಳು ತೋರಿಸಿ ಕೈ ತೊಳ್ಕೊಂಡ್ತು.

ಗುರು: ರಾತ್ರಿ ಸ್ವಲ್ಪ ತಿದ್ದಿದೆ. ಹಳದಿ ಬಲ್ಬ್ ಹತ್ಕೊಂಡು ಒಂದೇ ಸಮ ಕಾಟ ಕೊಡ್ತಿತ್ತು.

ಮಾವ: ಯಾರದದು ಬಲ್ಬು?

ಗುರು: ಡಾಟ್‌ನೆಟ್ ಅಂತ, ನಾನು ಬರೆಯೋ ಸಲಕರಣೆ. 2020ರಲ್ಲಿ ಅದರ ಐದನೇ ಆವೃತ್ತಿ ಬಂತು. ಆಗಿಂದ ಪರೀಕ್ಷಕ ಜೊತೇಲೇ ಬರ್ತಾನೆ. ಪ್ರೋಗ್ರಾಂ ಓಡಿಸೋಕೆ ಮುಂಚೇನೇ ನಾವು ಬರೆದಿದ್ದನ್ನ ಓದಿ, ಇಲ್ಲಿ ದಂಡದ ಕೆಲಸ ಆಗ್ತಿದೆ ಅಂತಾನೆ. ಒಂದೊಂದು ತಕರಾರಿಗೂ ಒಂದೊಂದು ನಂಬರು. ಸಿಎ 2249, ಸಿಎ 1858...

ಅತ್ತೆ (ಒಳಗಿಂದ): ಸಿಎನಾ? ಪೆನ್ಷನ್ ದುಡ್ಡಿಗೂ ಆಡಿಟರ್ ಬೇಕೇನೋ?

ಗುರು: ಕೋಡ್ ಅನಾಲಿಸಿಸ್ ಅತ್ತೆ. ದುಡ್ಡಿನ ತಂಟೆಗೆ ಬರಲ್ಲ.

ಮಾವ: ಅದೇನು 2249?

ಗುರು: ಸಾಲಿನಲ್ಲಿ ಒಂದು ಪದ ಇದೆಯಾ ಅಂತ ಕೇಳೋಕೆ ನಾನು ಇಂಡೆಕ್ಸ್‌ಆಫ್ ಅಂತ ಬರೆದಿದ್ದೆ. ಅದು ಪದ ಎಷ್ಟನೇ ಜಾಗದಲ್ಲಿದೆ ಅಂತ ಹೇಳುತ್ತೆ. ಮೊದಲನೇ ಜಾಗ ಆದ್ರೆ ಸೊನ್ನೆ. ಇಲ್ಲದೇ ಇದ್ರೆ ಮೈನಸ್ ಒಂದು.

ಮಾವ: ಸೊನ್ನೆ ಅಂದ್ರೆ ಇದೆ, ಮೈನಸ್ ಒಂದು ಅಂದ್ರೆ ಇಲ್ಲ. ಇದನ್ನ ಬರೆದೋನಿಗೆ ಮಗ್ಗಿ ಹೇಳಿಕೊಟ್ಟ ಮೇಷ್ಟ್ರು ಯಾರೋ?

ಗುರು: ಅದಕ್ಕೇ 2249 ಹೇಳೋದು, ಇದೆಯೋ ಇಲ್ವೋ ಅಷ್ಟೇ ಬೇಕಾದ್ರೆ ಕಂಟೇನ್ಸ್ ಅಂತ ಕೇಳು, ಹೌದು ಅಥವಾ ಅಲ್ಲ ಅಂತ ಬರುತ್ತೆ, ಜಾಗದ ಉಸಾಬರಿ ಬೇಡ ಅಂತ.

ಅತ್ತೆ: ಇದನ್ನ ನಿಮ್ಮ ಮಾವನಿಗೆ ಮೊದಲು ಹೇಳಿಕೊಡು. ಕಾಫಿಪುಡಿ ಇದೆಯಾ ಅಂದ್ರೆ, ಮೇಲಿನ ಶೆಲ್ಫು, ಎಡಗಡೆಯಿಂದ ನಾಲ್ಕನೇ ಡಬ್ಬ ಅಂತಾರೆ. ಹೋಗಿ ತೆಗೆದ್ರೆ ಡಬ್ಬ ಖಾಲಿ.

ಮಾವ (ಕೇಳಿಸದವರಂತೆ): 1858 ಏನು?

ಗುರು: ಶ್ರೀ ಅಂತ ಶುರುವಾಗೋ ಹೆಸರು ಬೇಕು ಅಂದಿದ್ರಲ್ಲ. ನಾನು ಇಂಡೆಕ್ಸ್‌ಆಫ್ ಹಾಕಿ, ಉತ್ತರ ಸೊನ್ನೆನಾ ಅಂತ ನೋಡ್ತಿದ್ದೆ. ಶ್ರೀ ರಾಮಾಯಣ ದರ್ಶನಂ ಆದ್ರೆ ಮೊದಲಲ್ಲೇ ಸಿಕ್ತು, ಸರಿ. ಮಲೆಗಳಲ್ಲಿ ಮದುಮಗಳು ಬಂದಾಗ ನೋಡಿ: ಮೊದಲನೇ ಅಕ್ಷರ ಮ ಅಂತ ಗೊತ್ತಾದ್ಮೇಲೂ, ಮುಂದೆ ಎಲ್ಲಾದ್ರೂ ಶ್ರೀ ಇದ್ದೀತು ಅಂತ ಅದು ಕೊನೇವರೆಗೂ ನಡೆಯುತ್ತೆ. ಸ್ಟಾರ್ಟ್ಸ್‌ವಿತ್ ಅಂದ್ರೆ ಬಾಗಿಲಲ್ಲೇ ವಾಪಸ್.

ಮಾವ: ಇದು ಒಪ್ಪೋ ಮಾತು. ಇನ್ನೊಂದು?

ಗುರು: 1847. ಒಂದೇ ಅಕ್ಷರ ಹುಡುಕೋದಾದ್ರೆ ಅದನ್ನ ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸರ, ಅಂತ ಕೊಡಬೇಡ, ಬಿಡಿ ಅಕ್ಷರವಾಗಿ ಕೊಡು ಅನ್ನುತ್ತೆ. ಇಂಗ್ಲಿಷಿಗೆ ಲಾಭ. ನಮ್ಮ ಶ್ರೀಗೆ ನಡೆಯಲ್ಲ, ಯಾಕಂದ್ರೆ ಯಂತ್ರದ ಲೆಕ್ಕದಲ್ಲಿ ಶ್ರೀ ನಾಲ್ಕು.

ಮಾವ: ಒಂದಕ್ಷರ ನಾಲ್ಕು ಹೇಗಾಗುತ್ತೋ?

ಗುರು: ಶ, ಹಲಂತದ ಗುರುತು, ರ, ಗುಡಿಸಿನ ದೀರ್ಘ. ಯೂನಿಕೋಡಿನಲ್ಲಿ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ. ಮೈಸೂರು ಅಂದ್ರೆ ನಿಮಗೆ ಮೂರಕ್ಷರ, ಅದಕ್ಕೆ ಆರು. ತಾಳಿ, ಲೆಕ್ಕ ಹಾಕಿಸಿಯೇ ತೋರಿಸ್ತೀನಿ. (ಟೈಪ್ ಮಾಡುತ್ತಾನೆ.) ನೋಡಿ, ಆರು. ಈಗ ಪಟ್ಟಿಯಲ್ಲಿರೋ ಮೈಸೂರನ್ನೇ ಎತ್ತಿ ಎಣಿಸೋಣ...

(ಪರದೆಯ ಮೇಲೆ ಏಳು ಎಂದು ಬರುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.)

ಮಾವ: ಯಾವ ಊರೋ ಇದು, ಒಂದು ಗುರುತು ಜಾಸ್ತಿ ಇರೋದು?

ಗುರು: ಮಾವ, ಹಳೇ ಪಟ್ಟಿ ಯಾವುದರಲ್ಲಿ ಮಾಡಿದ್ದು?

ಮಾವ: ನುಡಿ ಸಾಫ್ಟ್‌ವೇರಿನಲ್ಲಿ. ಆಮೇಲೆ ಡಿಟಿಪಿ ಅಂಗಡಿ ಹುಡುಗ ಯೂನಿಕೋಡ್ ಮಾಡಿಕೊಟ್ಟ. ಹೊಸದನ್ನೆಲ್ಲ ನಾನೇ ಮೊಬೈಲಲ್ಲಿ ಹೊಡೆದಿದ್ದೀನಿ.

ಗುರು: ಸಿಕ್ತು! ಮೊಬೈಲು ಐತ್ವಕ್ಕೆ ಒಂದೇ ಸಂಖ್ಯೆ ಹಾಕಿದೆ. ಅಂಗಡಿಯಿಂದ ಬಂದಿದ್ದರಲ್ಲಿ ಎತ್ವ ಬೇರೆ, ಕೆಳಗೆ ಬರೋ ಐತ್ವದ ಕೊಂಡಿ ಬೇರೆ, ಎರಡು ಸಂಖ್ಯೆ. ಕಣ್ಣಿಗೆ ಎರಡೂ ಮೈ. ಯೂನಿಕೋಡೂ ಎರಡೂ ಸಮ ಅಂತಲೇ ಹೇಳುತ್ತೆ. ಆದರೆ ಬರೀ ಸಂಖ್ಯೆ ನೋಡಿ ಹೋಲಿಸೋನಿಗೆ ಒಂದಲ್ಲ.

ಮಾವ: ಹಾಗಾದ್ರೆ ನಿನ್ನೆವರೆಗೆ ಹೇಗೆ ಸಿಗ್ತಿತ್ತು?

ಗುರು: ಅದೇ ಮಜಾ. ಇಂಡೆಕ್ಸ್‌ಆಫ್‌ಗೆ ಪದ ಕೊಟ್ಟು ಸುಮ್ಮನಿದ್ರೆ ಅದು ಭಾಷೆಯ ರೂಢಿ ಹಿಡಿದು ಹೋಲಿಸುತ್ತೆ. ನಿಧಾನ, ಆದರೆ ಎರಡು ಮೈಯೂ ಒಂದೇ ಅಂತ ಅದಕ್ಕೆ ಗೊತ್ತು. ಕಂಟೇನ್ಸ್ ಸುಮ್ಮನಿದ್ರೆ ಸಂಖ್ಯೆ ಮಾತ್ರ ನೋಡುತ್ತೆ. ಹೋಲಿಕೆ ಯಾವ ಬಗೆಯದು ಅಂತ ಬಾಯಿಬಿಟ್ಟು ಹೇಳು ಅನ್ನೋಕೂ ನಿಯಮ ಇದೆ, 1310 ಅಂತ. ಆದರೆ ಅದನ್ನ ನಾವೇ ಎಬ್ಬಿಸಬೇಕು, ತಾನಾಗಿ ಏಳಲ್ಲ.

ಮಾವ: ಅಂದ್ರೆ, ನಿಧಾನವಾಗಿದ್ದೋನಿಗೆ ಕನ್ನಡ ಬರ್ತಿತ್ತು. ನೀನು ಅವನನ್ನ ತೆಗೆದು ಓಡೋನನ್ನ ಇಟ್ಟೆ.

ಗುರು: ಹೆಚ್ಚೂಕಮ್ಮಿ ಹಾಗೇ.

ಮಾವ: 1905ರಲ್ಲಿ ಶಾಮಶಾಸ್ತ್ರಿಗಳು ಇದೇ ಊರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೂತು, ಗ್ರಂಥಲಿಪಿಯ ತಾಳೆಗರಿ ನೋಡಿ, ಇದು ಕೌಟಿಲ್ಯನ ಅರ್ಥಶಾಸ್ತ್ರ ಅಂದ್ರಲ್ಲ! 1909ರಲ್ಲಿ ಅಚ್ಚೂ ಹಾಕಿಸಿದ್ರು. ಬಲ್ಬ್ ಇರಲಿಲ್ಲ ಕಣೋ ಅವರ ಹತ್ತಿರ.

ಗುರು: ಅವರು ಕಂಟೇನ್ಸ್ ಹಾಕಿದ್ದಿದ್ರೆ ಲಿಪಿ ಬೇರೆ ಅಂತ ಗರಿ ಕಟ್ಟಿಟ್ಟು ಮನೆಗೆ ಹೋಗ್ತಿದ್ರು ಮಾವ.

(ಮಾವನಿಗೆ ನಗು ಬರುತ್ತದೆ. ಶಾಸ್ತ್ರಿಗಳ ವಿಷಯದಲ್ಲಿ ನಗಬಾರದೆಂದು ಕೆಮ್ಮುತ್ತಾರೆ.)

ಮಾವ: ಮತ್ತೆ ನಿಧಾನದವನನ್ನೇ ಕರೆಸ್ತೀಯಾ?

ಗುರು: ಬೇಡ. ಪಟ್ಟಿ ಓದುವಾಗಲೇ ಒಂದ್ಸಲ ನಾರ್ಮಲೈಸ್ ಮಾಡಿಬಿಡ್ತೀನಿ. ಒಡೆದ ಮೈಗಳೆಲ್ಲ ಕೂಡಿಕೊಳ್ಳುತ್ತವೆ. ನೀವು ಹೊಡೆದ ಪದಕ್ಕೂ ಅದೇ ಸಂಸ್ಕಾರ. ಆಮೇಲೆ ಕಂಟೇನ್ಸ್ ಎಷ್ಟು ಬೇಕಾದ್ರೂ ಓಡಲಿ. (ಬರೆದು, ಓಡಿಸುತ್ತಾನೆ. ಪರದೆ ತುಂಬುತ್ತದೆ.)

ಮಾವ (ಹತ್ತಿರ ಬಗ್ಗಿ): ಪ್ರಸಾರಾಂಗ ಬಂತು. ಕಾವ್ಯಾಲಯ ಬಂತು... ಶಂಕರ ಭಟ್ಟರ ಹೊಸಬರಹದ ಪುಸ್ತಕಗಳು ಬರಲಿಲ್ಲ.

ಗುರು: ಯಾಕೆ?

ಮಾವ: ಅವರು ಐ ಬಿಟ್ಟು ಅಯ್ ಬರೀತಾರೆ. ನಾನೂ ಅವರ ಪುಸ್ತಕಕ್ಕೆ ಮರ್ಯಾದೆಯಿಂದ ಮಯ್ಸೂರು ಅಂತಲೇ ಹಾಕಿದ್ದೀನಿ.

ಗುರು (ತಲೆ ಹಿಡಿದುಕೊಂಡು): ಇದನ್ನ ಯಾವ ಯೂನಿಕೋಡೂ ಕೂಡಿಸಲ್ಲ ಮಾವ. ಎಷ್ಟು ಥರ ಬರೆದಿದ್ದೀರಿ ಅಂತ ನೀವೇ ಹೇಳಿ, ಒಂದು ಗುಂಪು ಮಾಡೋಣ. ಸರ್ಚ್‌ವ್ಯಾಲ್ಯೂಸ್ ಅಂತ ಇದೆ, 2023ರಲ್ಲಿ ಬಂದಾಗ ಬಿಡಿ ಅಕ್ಷರಗಳಿಗಿತ್ತು, 2024ರಿಂದ ಇಡೀ ಪದಗಳಿಗೂ ಇದೆ. ಬೇಕಾದ್ದನ್ನೆಲ್ಲ ಒಮ್ಮೆ ಕೊಟ್ಟು ಸಿದ್ಧ ಮಾಡಿಟ್ರೆ, ಒಂದೇ ಓಟದಲ್ಲಿ ಎಲ್ಲಾ ಹುಡುಕುತ್ತೆ. ಪ್ರತಿ ಸಲ ಹೊಸದಾಗಿ ಕಟ್ಟಬೇಡ, ಕಟ್ಟಿದ್ದನ್ನ ಇಟ್ಕೋ ಅನ್ನೋದೇ 1870ನೇ ನಿಯಮ.

ಮಾವ: ಬರ್ಕೋ. ಮೈಸೂರು. ಮಯ್ಸೂರು. ಇಂಗ್ಲಿಷ್ ಪುಸ್ತಕಕ್ಕೆ 2014ರ ನವೆಂಬರ್ 1ರ ಮುಂಚಿನ ಸ್ಪೆಲಿಂಗು, ಆಮೇಲಿನ ಸ್ಪೆಲಿಂಗು. ಕೆಲವು ಕಡೆ ಎಲ್ಲಾ ದೊಡ್ಡಕ್ಷರ.

ಗುರು: ದೊಡ್ಡದು ಚಿಕ್ಕದು ಭೇದ ಎಣಿಸಬೇಡ ಅಂದ್ರೆ ಸಾಕು. ಇಡೀ ಸಾಲನ್ನ ಚಿಕ್ಕಕ್ಷರಕ್ಕೆ ನಕಲು ಮಾಡ್ಕೊಂಡು ಹೋಲಿಸೋದು ವೇಸ್ಟು ಅಂತ 1862 ಹೇಳುತ್ತೆ.

ಮಾವ: ಮಹಿಷೂರು ಸೇರಿಸು.

ಗುರು: ಹಾಗೂ ಬರೆದಿದ್ದೀರಾ?

ಮಾವ: ಬರೆದಿಲ್ಲ. ಬರೆದೇನು.

ಅತ್ತೆ (ಲೋಟ ಇಡುತ್ತಾ): ಕಾಫಿ ಇದೆ. ಎಷ್ಟನೇ ಜಾಗದಲ್ಲಿ ಅಂತ ಕೇಳಬೇಡಿ, ಕುಡೀರಿ.

ಮಾವ (ಕುಡಿಯುತ್ತಾ): ಗುರು, ಪಟ್ಟಿಯಲ್ಲಿ ಹೆಸರಿದೆ, ಬೀರುವಿನಲ್ಲಿ ಪುಸ್ತಕ ಇಲ್ಲ. ಓದಿ ಕೊಡ್ತೀನಿ ಅಂತ ತಗೊಂಡು ಹೋದವರದ್ದು. ಅದಕ್ಕೆ ಯಾವ ನಿಯಮ?

ಗುರು: ಅದಕ್ಕೆಲ್ಲ ಮೈನಸ್ ಒಂದೇ ಮಾವ.

ಮಾವ: ಮೈನಸ್ ಎರಡು. ಎರಡೂ ನಿಮ್ಮಮ್ಮನ ಹತ್ತಿರ ಇದೆ.