ತೋಟಾ ಸಾಹುಕಾರರು

ಹೊಳಲ್ಕೆರೆಯಿಂದ ಹೊಸದುರ್ಗದವರೆಗಿನ ಅಡಿಕೆ, ತೆಂಗಿನ ಸೀಮೆಯಲ್ಲಿ ಹೋಬಳಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಇವರ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿರುತ್ತದೆ. ಊರಿನ ಬಾಯಲ್ಲಿ ಇವರು ತೋಟಾ ಸಾಹುಕಾರರು. ವಯಸ್ಸು ಐವತ್ತರ ಆಚೀಚೆ. ಮೈಮೇಲೆ ಎಂಟು ಜೇಬಿನ ಖಾಕಿ ಜಾಕೀಟು. ಒಂದು ಜೇಬಿನಲ್ಲಿ ಎಲೆ-ಅಡಿಕೆ, ಇನ್ನೊಂದರಲ್ಲಿ ಬಿ.ಪಿ. ಮಾತ್ರೆ. ಉಳಿದ ಆರು ತೋಟಾಗಳಿಗೆ ಮೀಸಲು, ಸದ್ಯಕ್ಕೆ ಖಾಲಿ.

ಇವರೆದುರು ಹಂದಿಯ ಸುದ್ದಿ ಎತ್ತಿದವನು ಅಂದಿನ ಕೆಲಸ ಮರೆಯಬೇಕು.

"ರಾತ್ರಿ ಹಂದಿ ನುಗ್ಗಿ ಮೆಕ್ಕೆಜೋಳ ಎಲ್ಲಾ ಮಲಗಿಸಿಬಿಟ್ಟೈತೆ, ಸಾಹುಕಾರ್ರೆ."

"ಎಷ್ಟು ದೂರ ಇತ್ತು?"

"ದೂರ ಏನ್ ಬಂತು, ಹೊಲದಾಗೇ ಇತ್ತು."

"ಅದಲ್ಲಪಾ, ಗಜದ ಲೆಕ್ಕದಾಗೆ ಹೇಳು."

ಅಲ್ಲಿಂದ ಪಾಠ ಶುರು. ಹನ್ನೆರಡು ಬೋರಿನ ಬಂದೂಕು ಬೇಡವೇ ಬೇಡ, 40 ಗಜ ದಾಟಿತೆಂದರೆ ಚರೆ ಚೆಲ್ಲಾಪಿಲ್ಲಿ, "ಅದು ಈಡಲ್ಲ, ಬಿತ್ತನೆ." ಇಶಾಪುರದ ಕಾರ್ಖಾನೆಯ .315 ಗಟ್ಟಿಮುಟ್ಟು, ಆದರೆ ಹಳೇ ಕಾಲದ್ದು. ಅದೇ ಇಶಾಪುರದ .30-06 ಆದರೆ ಮಾತಾಡಬಹುದು. .303 ಕೇಳಲೇಬೇಡ, ಅದು ನಿಷೇಧಿತ ಬೋರು. 6.5 ಕ್ರೀಡ್‌ಮೂರ್ ಎಂದು ಉಚ್ಚರಿಸುವಾಗ ಮಾತ್ರ ಇವರ ದನಿ ತಗ್ಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಕಾರ್ಬೆಟ್ಟರ .275 ರಿಗ್ಬಿ ಹೆಚ್ಚೋ ಆಂಡರ್ಸನ್ನರ .405 ವಿಂಚೆಸ್ಟರ್ ಹೆಚ್ಚೋ ಎಂಬ ವಿಷಯದಲ್ಲಿ ಬೀಗರ ಜೊತೆ ಮಾತು ಬಿಟ್ಟವರೂ ಇವರ ಪೈಕಿ ಇದ್ದಾರೆ.

ಇವರು ಹೇಳುವುದರಲ್ಲಿ ಸುಳ್ಳಿಲ್ಲ. ಗೋಳು ಇರುವುದೇ ಅಲ್ಲಿ. .30-06 ಗುಂಡು ಸಾವಿರ ಗಜ ಮುಟ್ಟುವುದಕ್ಕೆ ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. 100 ಗಜಕ್ಕೆ ಗುರಿ ಕೂಡಿಸಿದ ರೈಫಲಾದರೆ ಅಷ್ಟರಲ್ಲಿ ಗುಂಡು 30 ಅಡಿಗೂ ಮಿಗಿಲಾಗಿ ಕೆಳಗಿಳಿದಿರುತ್ತದೆ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಸಾಕು, ಎರಡು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಒಂದು ಎಂ.ಒ.ಎ. ಎಂದರೆ 100 ಗಜದಲ್ಲಿ ಸುಮಾರು ಒಂದು ಇಂಚು, ಸಾವಿರದಲ್ಲಿ ಹತ್ತೂವರೆ. ಇದನ್ನೆಲ್ಲ ಇವರು ಸುಣ್ಣದ ಬೆರಳಿನಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಗೀಚಿ ತೋರಿಸುತ್ತಾರೆ.

ಗಾಳಿಗಂತೂ ದುರ್ಗದಲ್ಲಿ ಬರವಿಲ್ಲ. ಗುಡ್ಡಗಳ ನೆತ್ತಿಯ ಮೇಲೆಲ್ಲ ಗಾಳಿಯಂತ್ರ ನಿಂತಿವೆ. ಸಾಹುಕಾರರು ಟೀ ಲೋಟ ಕೆಳಗಿಟ್ಟು ಆ ರೆಕ್ಕೆಗಳನ್ನೇ ದಿಟ್ಟಿಸಿ, "ಇವತ್ತು ಆರು ಎಂ.ಒ.ಎ. ಎಡಕ್ಕೆ" ಎಂದು ಘೋಷಿಸುತ್ತಾರೆ. ಅಂಗಡಿಯವನು ಸ್ಟೌವಿಗೆ ಮರೆ ಇಟ್ಟ ತಗಡನ್ನು ಒಂದಿಷ್ಟು ಎಡಕ್ಕೆ ಸರಿಸುತ್ತಾನೆ. ಇವರ ಲೆಕ್ಕದಿಂದ ಜಿಲ್ಲೆಗೆ ಈವರೆಗೆ ಆಗಿರುವ ಪ್ರತ್ಯಕ್ಷ ಲಾಭ ಇದೊಂದೇ.

ನೆಂಟರನ್ನು ಕೋಟೆಗೆ ಕರೆದೊಯ್ದರೆ ಓಬವ್ವನ ಕಿಂಡಿಯ ಹತ್ತಿರ ಅರೆ ನಿಮಿಷ, ಮದ್ದು ಬೀಸುವ ಕಲ್ಲುಗಳ ಹತ್ತಿರ ಒಂದು ಗಂಟೆ. ಓಬವ್ವನ ಮೇಲೆ ಗೌರವ ಇಲ್ಲವೆಂದಲ್ಲ. "ಮಹಾತಾಯಿ, ಎರಡು ಮಾತಿಲ್ಲ. ಆದ್ರೆ ಒನಕೆ ರೇಂಜು ಎಷ್ಟು? ಒಂದು ಮಾರು!" ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೀರು ನೋಡಲು ಹೋಯಿತು. ಇವರೂ ಹೋದರು. ಮುದುಕರು ಕೈಮುಗಿದು ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಆಚೆ ದಡಕ್ಕೆ ಹೆಬ್ಬೆರಳು ಹಿಡಿದು, "ತೇವ ಜಾಸ್ತಿ ಐತೆ, ಗುಂಡು ಒಂದು ಕೂದಲು ಮೇಲೆ ಹೋಗುತ್ತೆ" ಎಂದರಂತೆ. ಅದೂ ಸರಿಯೇ. ತೇವದ ಗಾಳಿ ಒಣಗಾಳಿಗಿಂತ ಹಗುರ.

ಇವರ ಸ್ವಂತ ಜಮೀನಿನಲ್ಲಿ ಸಾವಿರ ಗಜ ಎಲ್ಲಿಂದ ತರುವುದು? ಅಡಿಕೆ ಒಂಬತ್ತು ಅಡಿಗೊಂದು. ಸ್ವಲ್ಪ ಓರೆಯಾಗಿ ನಿಂತರೆ ಐದನೇ ಮರವೇ ದಿಗಂತ. ಸಾವಿರ ಗಜ ಬೇಕೇಬೇಕೆಂದರೆ ಇವರ ತೋಟ ಮುಗಿದು, ದಾಯಾದಿಗಳ ತೋಟ ಮುಗಿದು, ಕೆರೆ ಏರಿ ಹತ್ತಿಳಿದು, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಬಿಸಿಯೂಟದ ಕೋಣೆಗೆ ಮುಟ್ಟಬೇಕು.

ಇನ್ನು ರೈಫಲು. ಇವರಲ್ಲಿರುವುದು ಅಜ್ಜನ ಕಾಲದ ಕೇಪಿನ ಬಂದೂಕು. 1959ರ ಆಯುಧ ಕಾಯ್ದೆ ಬೆಳೆ ಕಾಯುವ ರೈತನ ಪಾಲಿಗೆ ಮೊದಲು ತೋರಿಸುವುದೂ ಅದನ್ನೇ, ಮೂತಿಯಿಂದ ಮದ್ದು ತುಂಬುವ ಬಂದೂಕನ್ನು. ಮದ್ದು ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಲ್ಲಿ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಮತ್ತೆ ಜಡಿದು, ಕೇಪು ಕೂಡಿಸಿ ಎತ್ತಿ ಹಿಡಿಯುವ ಹೊತ್ತಿಗೆ ಹಂದಿ ಊಟ ಮುಗಿಸಿ ಪಕ್ಕದ ಸರ್ವೆ ನಂಬರಿಗೆ ದಾಟಿರುತ್ತದೆ. ದಾಟದೆ ಎದುರಿಗೇ ನಿಂತರೂ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ನವಿಲು, ಕರಡಿಗಳ ಮಾತೇ ಬೇಡ, ಅವು ಮೊದಲನೇ ಅನುಸೂಚಿಯ ದೊಡ್ಡಮನುಷ್ಯರು.

2019ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಾಗ ಇವರು ರಾತ್ರಿ ಊಟ ಬಿಟ್ಟರು. ಇದ್ದದ್ದು ಒಂದು. "ಮೂರನೇದನ್ನ ಕಿತ್ಕೊಂಡ್ರಲ್ಲ!" ಎಂಬ ಸಂಕಟ ಮನೆಯವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಮೆಕ್ಕೆಜೋಳವನ್ನು ನಿಜಕ್ಕೂ ಕಾಯುತ್ತಿರುವುದು ಅಮ್ಮನವರ ಹಳೇ ಸೀರೆಗಳು. ಹೊಲದ ಸುತ್ತ ಗೂಟ ನೆಟ್ಟು ಬಣ್ಣಬಣ್ಣದ ಸೀರೆ ಕಟ್ಟಿದರೆ ಹಂದಿ ಬರುವುದಿಲ್ಲವೆಂದು ಈ ಕಡೆ ನಂಬಿಕೆ. ನಂಬದ ಹಂದಿಗಳೂ ಒಂದೆರಡು ಇರುತ್ತವೆ, ಅವು ಬರುತ್ತವೆ. ಸಾಹುಕಾರರಿಗೆ ಮಾತ್ರ ಅವು ಸೀರೆಗಳಲ್ಲ, ಗಾಳಿ ಓದುವ ಬಾವುಟಗಳು. "ಆ ಹಸಿರು ಸೀರೆ ಪೂರ್ತಿ ಎದ್ದಿತು ಅಂದ್ರೆ ಗಂಟೆಗೆ 20 ಕಿಲೋಮೀಟರು" ಎಂದು ಅವರು ಬಂದವರಿಗೆ ವಿವರಿಸುವಾಗ, ಅದು ತಮ್ಮ ತವರಿನವರು ಕೊಟ್ಟದ್ದೆಂದು ಅಮ್ಮನವರು ಒಳಗಿನಿಂದ ತಿದ್ದುತ್ತಾರೆ.

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಹುಡುಗನೊಬ್ಬ, ಶೂಟಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಇವರ ಜಗಲಿಗೆ ಬಂದು ಕೂತ. ಅಂದು ಅವರು ಹೇಳಿದ್ದು ಯಾವ ತರಬೇತುದಾರನೂ ಒಪ್ಪುವಂಥ ಮಾತು. ದೊಡ್ಡ ಬೋರಿನ ಆಸೆ ಬಿಡು. .177 ಏರ್ ರೈಫಲಿನಲ್ಲಿ 10 ಮೀಟರಿಂದ ಶುರು ಮಾಡು. 20 ಜೂಲಿನೊಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಆಮೇಲೆ ಕ್ಲಬ್ಬು ಸೇರಿ .22ರಲ್ಲಿ 50 ಮೀಟರು. ಮುಂದೆಂದಾದರೂ ದುಡ್ಡು ಬಂದರೆ ರೈಫಲಿಗಿಂತ ಅದರ ಮೇಲಿನ ದುರ್ಬೀನಿಗೆ ಜಾಸ್ತಿ ಸುರಿ. ಉಸಿರು ಅರ್ಧ ಬಿಟ್ಟು ತಡೆ. ಕುದುರೆಯನ್ನು ಎಳೆಯಬೇಡ, ಒತ್ತು. ಈಡು ಯಾವಾಗ ಹಾರಿತೆಂದು ನಿನಗೇ ಗೊತ್ತಾಗಬಾರದು. ಹುಡುಗ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ. ಕೊನೆಗೆ ಕೇಳಿದ:

"ಅಂಕಲ್, ನಿಮ್ಮ ಬಂದೂಕು ಒಂದ್ಸಲ ನೋಡಬಹುದಾ?"

"ಠಾಣೇಲೈತೆ."

ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕುಗಳು ಠಾಣೆಗೆ ಜಮೆಯಾಗುವುದು ವಾಡಿಕೆ. ವಿಧಾನಸಭೆ, ಲೋಕಸಭೆ, ಗ್ರಾಮ ಪಂಚಾಯಿತಿ. ಓಟಿಲ್ಲದಿದ್ದರೂ ಎಲ್ಲರಿಗಿಂತ ಮೊದಲು ಮನೆ ಬಿಟ್ಟು ಹೊರಡುವುದು ಅದೇ. ಹುಡುಗನಿಗೂ ಅದು ಗೊತ್ತಿತ್ತು.

"ಲೋಕಸಭೆ ಎಲೆಕ್ಷನ್ 2024ರಲ್ಲೇ ಮುಗೀತಲ್ಲ ಅಂಕಲ್?"

"ಮುಗೀತು. ಆದ್ರೆ ಜಿಲ್ಲಾ ಪಂಚಾಯಿತಿದು 2021ರಿಂದ ಬಾಕಿ ಐತಲ್ಲಪಾ. ಇವತ್ತೋ ನಾಳೆಯೋ ಡಿಕ್ಲೇರ್ ಆಗುತ್ತೆ. ಸುಮ್ನೆ ತಂದು, ಮತ್ತೆ ಹೊತ್ಕೊಂಡು ಯಾಕೆ ಹೋಗಾದು?"