ದನಿ ನೋಡಿದ ಕನ್ಯಾ

ಹಿರಿಯರು ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗಿ, ಚಹಾ-ಅವಲಕ್ಕಿ ಮುಗಿಸಿ, ಕನ್ಯಾ ನೋಡಿ ಬಂದಿದ್ದರು. ನನ್ನ ಪಾಲಿಗೆ ಬಂದದ್ದು ಸ್ಟುಡಿಯೋದ ನೀಲಿ ಪರದೆಯ ಮುಂದೆ ತೆಗೆಸಿದ ಒಂದು ಫೋಟೋ. ಅವಳ ತಮ್ಮನ ಕೃಪೆಯಿಂದ ಒಂದು ನಂಬರು. ವರ-ಕನ್ಯಾ ಮುಖ ನೋಡುವುದೇನಿದ್ದರೂ ಭಾರತ ಹುಣ್ಣಿಮೆ ಆದ ಮೇಲೆ ಎಂದು ಠರಾವಾಗಿತ್ತು.

ಮಾತು ಶುರುವಾದದ್ದು 2011ರ ಕಿತ್ತೂರು ಉತ್ಸವದ ದಿನಗಳಲ್ಲಿ. ಮುಹೂರ್ತ ನೋಡಿ! ಹಿಂದಿನ ತಿಂಗಳಷ್ಟೇ ಟ್ರಾಯ್‌ನವರು ಜಾಹೀರಾತಿನ ಕಾಟ ತಪ್ಪಿಸಲೆಂದು ಸಿಮ್ಮಿಗೆ ದಿನಕ್ಕೆ 100 ಎಸ್ಸೆಮ್ಮೆಸ್ ಎಂದು ಕಟ್ಟಳೆ ಹಾಕಿದ್ದರು. ದಮಯಂತಿಯ ಹಂಸಕ್ಕೆ ಇಂಥದೊಂದು ಇದ್ದಿದ್ದರೆ ಕನಕದಾಸರ ‘ನಳಚರಿತ್ರೆ’ ಸ್ವಯಂವರದ ತನಕ ಬರುತ್ತಲೇ ಇರಲಿಲ್ಲ. ನವೆಂಬರಿನಲ್ಲಿ ಅದು 200ಕ್ಕೆ ಏರಿತು. ಟ್ರಾಯ್‌ನವರ ಮನೆಯಲ್ಲೂ ಹರೆಯದ ಹುಡುಗರಿದ್ದಿರಬೇಕು.

ಅಷ್ಟೆಲ್ಲ ಏನು ಬರೆಯುತ್ತಿದ್ದಿರಿ ಎಂದು ಮಾತ್ರ ಕೇಳಬೇಡಿ.

“ಊಟ ಆತೇನ್ರಿ?”

“ಆತ್ರಿ. ನಿಮ್ದು?”

“ಏನ್ ಪಲ್ಯಾ?”

“ಪುಂಡಿಪಲ್ಯಾ.”

ರಾತ್ರಿ ಫೋನಿನಲ್ಲೂ ಇದೇ ಪುಂಡಿಪಲ್ಯ. ಆದರೆ ಈಗ ಅದಕ್ಕೆ ದನಿ ಬಂದಿರುತ್ತಿತ್ತು. ಮನೆಯವರು ಎದ್ದಾರೆಂದು ಅವಳದು ಪಿಸುಮಾತು. ನಮ್ಮ ಮಾಳಿಗೆಯ ಒಂದೇ ಮೂಲೆಯಲ್ಲಿ ರೇಂಜು ಸಿಗುತ್ತಿತ್ತು. ಅಲ್ಲಿ ಕಂಬಳಿ ಹೊದ್ದು ನಿಂತು ನಾನು ಧಾರವಾಡ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಓದುವವರ ಗಂಟಲು ತೆಗೆಯುತ್ತಿದ್ದೆ. ಏನು ಹೇಳಿದರೂ ಅವಳು ಮೆಲ್ಲಗೆ “ಅಯ್ಯ ಶಿವನ!” ಎಂದು ನಗುವಳು. ಅಷ್ಟಕ್ಕೇ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಇಷ್ಟು ಮೆತ್ತನೆಯ ಜೀವ ನಮ್ಮವ್ವನ ಗದ್ದಲದ ಮನೆಯಲ್ಲಿ ಹ್ಯಾಂಗ ಬಾಳೀತು ಎಂಬ ಚಿಂತೆ ಬೇರೆ.

ಹುಣ್ಣಿಮೆಗೆ ಎರಡೂ ಮನೆಯವರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬರುವವರಿದ್ದರು. ಹಿರಿಯರ ಠರಾವು ಹಿರಿಯರಿಗಿರಲಿ, ಗದ್ದಲದಲ್ಲಿ ಒಮ್ಮೆ ಕಂಡುಬಿಡೋಣ ಎಂದು ನಾವೇ ಒಳಸಂಚು ಮಾಡಿದ್ದೆವು. ಅಲ್ಲಿ ನೋಡಿದರೆ ಲಕ್ಷಗಟ್ಟಲೆ ಜನ, ನೆಟ್‌ವರ್ಕು ಸತ್ತೇ ಹೋಗಿತ್ತು. ಕಂಡವರ ಹಣೆ, ಕೆನ್ನೆಯೆಲ್ಲ ಭಂಡಾರ. ಫೋಟೋದ ಮುಖ ಯಾವುದೆಂದು ಹುಡುಕುವುದು? “ಉಧೋ ಉಧೋ” ನಡುವೆ ಬಳೆ ಅಂಗಡಿಯಿಂದ ಗುಡುಗು ಬಂತು:

“ಅಯ್ಯ ಶಿವನ! ಡಜನ್ನಿಗೆ ಅರವತ್ತ? ಏನ್ ಬಂಗಾರದ್ದವು? ನಮ್ಮ ರಾಮದುರ್ಗದಾಗ ಮೂವತ್ತಕ್ಕ ಕೈತುಂಬ ಇಡ್ತಾರ!”

ಕಾಲು ಅಲ್ಲೇ ನಿಂತವು. ಸೋತ ಬಳೆಗಾರ ಎದುರಿಗೆ ಸಿಕ್ಕ ನನ್ನನ್ನೇ ಹಿಡಿದ: “ಸಾವಕಾರ್ರ, ನೀವರ ನ್ಯಾಯ ಹೇಳ್ರಿ.”

ಮಾಳಿಗೆಯ ಆ ಗಂಟಲು ಸಮಯಕ್ಕೆ ಸಿಗಲಿಲ್ಲ. ಹುಟ್ಟಿದ ದನಿಯಲ್ಲೇ ಅಂದೆ: “ನಲವತ್ತೈದಕ್ಕ ಮುಗಸ್ರಿ.”

ಅವಳು ಗರ್ರನೆ ತಿರುಗಿದಳು. “ನಡಬರಕ ನೀವ್ಯಾರ್ರಿ?”